ಮೊಳಕೆಯೊಡೆದ ಕಾಳು ಕಲಿಸಿದ ರಸಾಯನಶಾಸ್ತ್ರ

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ಜೋಳದ ಸೀಮೆ. ಸಿಂದಗಿ ತಾಲ್ಲೂಕಿನ ಮೋರಟಗಿಯಂಥ ಊರಿನ ಎರೆ ಹೊಲದಲ್ಲಿ ಬಿಳಿಜೋಳದ ತೆನೆ ಬಲಿತು ನಿಂತಾಗ ಅಕಾಲಿಕ ಮಳೆ ಹಿಡಿದರೆ ಏನಾಗುತ್ತದೆ ಎಂಬುದು ರೈತರಿಗೆ ಚೆನ್ನಾಗಿ ಗೊತ್ತು. ಕಾಳು ಕಪ್ಪಾಗುತ್ತದೆ. ಮಳೆ ಇನ್ನೂ ಮುಂದುವರಿದರೆ ತೆನೆಯಲ್ಲಿಯೇ ಮೊಳಕೆ ಒಡೆಯುತ್ತದೆ. ಅಂಥ ಕಾಳನ್ನು ಒಣಗಿಸಿ ಬೀಸಿದರೆ ಹಿಟ್ಟು ನೋಡಲು ಹಿಟ್ಟಿನಂತೆಯೇ ಇರುತ್ತದೆ. ಆದರೆ ಎಸರು ಹಾಕಿ ನಾದಿದರೆ ಜಿಗಿ ಬರುವುದಿಲ್ಲ. ಬಡಿಯುವಾಗಲೇ ರೊಟ್ಟಿಯ ಅಂಚು ಸೀಳುತ್ತದೆ. ಬಾಯಿಗೆ ಹಾಕಿಕೊಂಡರೆ ಕೊಂಚ ಸಿಹಿ!

ರೊಟ್ಟಿ ಬಡಿಯುವವರಿಗೆ ಇದು ಕೆಟ್ಟ ಹಿಟ್ಟು. ಆದರೆ ಇದೇ ‘ಕೆಡುವಿಕೆ’ಯನ್ನು ಬೇಕೆಂದೇ ಮಾಡಿಸಿ, ಹದ ನೋಡಿ ನಿಲ್ಲಿಸಿ, ಅದರಿಂದ ಲಾಭ ಪಡೆದ ಕಸುಬೊಂದು ಸಾವಿರಾರು ವರ್ಷಗಳಿಂದ ನಡೆದು ಬಂದಿದೆ. ಅದೇ ಬಿಯರ್ ತಯಾರಿಕೆ. ಹುದುಗುವಿಕೆಯ ವಿಷಯವನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಹುದುಗುವ ಮೊದಲು, ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಸಿದ್ಧತೆ ಒಂದಿದೆ. ಇಂದು ನಾವು ಕಿಣ್ವ ಎಂದು ಕರೆಯುವ ವಸ್ತುಗಳ ಪರಿಚಯ ಮನುಷ್ಯನಿಗೆ ಆದದ್ದು ಆ ಸಿದ್ಧತೆಯಿಂದ. ಅದನ್ನು ತಿಳಿದುಕೊಳ್ಳಲು ನೀವು ಬಿಯರ್ ಕುಡಿಯುವವರೇ ಆಗಬೇಕಿಲ್ಲ. ಹಾಲೂಡುವ ಮಗುವಿಗೆ ಅಂಬಲಿ ಕಾಯಿಸುವವರಿಗೂ ಈ ತಿಳಿವಳಿಕೆ ಬೇಕು. ಹೇಗೆಂಬುದನ್ನು ಮುಂದೆ ನೋಡೋಣ.

ಪಾಕದಿಂದ ಕಾಳಿಗೆ

ಕೆಲವು ದೇಶಗಳಲ್ಲಿ ಮನೆಯ ಬಳಕೆಗೆ ಮನೆಯಲ್ಲಿಯೇ ಬಿಯರ್ ಮಾಡಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ ಇದಕ್ಕಿದ್ದ ಪರವಾನಗಿಯ ನಿಯಮ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಒಕ್ಕೂಟ ಸರ್ಕಾರ ಅವಕಾಶ ನೀಡಿತು. ಇಂಥ ಹವ್ಯಾಸಿಗಳು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಮಾಲ್ಟ್ ಪಾಕವನ್ನು ನೀರಿನಲ್ಲಿ ಕರಗಿಸಿ ಕೆಲಸ ಆರಂಭಿಸುತ್ತಾರೆ. ಅದು ಆಗಲೇ ಸಕ್ಕರೆಯಾಗಿರುವ ಪಾಕ. ಕೈ ಪಳಗಿದ ಮೇಲೆ ಪಾಕವನ್ನು ಬಿಟ್ಟು ಪೂರ್ತಿ ಕಾಳಿನಿಂದಲೇ ಆರಂಭಿಸಬೇಕೆಂಬ ಆಸೆ ಹುಟ್ಟುತ್ತದೆ. ಆ ಮೊದಲ ಪ್ರಯತ್ನದ ದಿನ ಅವರಿಗೆ ಬೇಕಾಗುವ ಸಾಮಾನು ನೋಡಿ: ಸುಮಾರು 20 ಲೀಟರ್ ಬಿಯರಿಗೆ 4ರಿಂದ 5 ಕಿಲೋ ಮಾಲ್ಟ್ ಮಾಡಿದ ಬಾರ್ಲಿ, ಅದನ್ನು ಒಡೆಯಲು ಗಿರಣಿ, ಕಿಲೋಗೆ ಸುಮಾರು 3 ಲೀಟರ್ ಬಿಸಿನೀರು, ಬಿಸಿ ಆರದಂತೆ ಹಿಡಿದಿಡುವ ಪಾತ್ರೆ ಮತ್ತು ಒಂದು ಒಳ್ಳೆಯ ಉಷ್ಣತಾಮಾಪಕ.

ಇವುಗಳಲ್ಲಿ ಅತಿ ಮುಖ್ಯವಾದದ್ದು ಉಷ್ಣತಾಮಾಪಕ. ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ 65ರಿಂದ 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಹಿಡಿದಿಡಬೇಕು. ಇದಕ್ಕೆ ಮ್ಯಾಶ್ ಎನ್ನುತ್ತಾರೆ. ಆಮೇಲೆ ರಸ ಬಸಿದು, ಉಳಿದ ಚರಟವನ್ನು ಸುಮಾರು 75 ಡಿಗ್ರಿಯ ನೀರಿನಿಂದ ತೊಳೆದು, ಕಹಿ ಮತ್ತು ಪರಿಮಳ ಕೊಡುವ ಹಾಪ್ ಹೂಗಳೊಂದಿಗೆ ರಸವನ್ನು ಕುದಿಸಿ, ಆರಿಸಿ ಯೀಸ್ಟ್ ಸೇರಿಸುತ್ತಾರೆ. ಮ್ಯಾಶ್ ಹತ್ತು ಡಿಗ್ರಿ ತಪ್ಪಿದರೆ ಮುಂದಿನದೆಲ್ಲ ಕೆಡುತ್ತದೆ. ಏಕೆ?

ಕಾಳಿನೊಳಗಿನ ಎರಡು ಕತ್ತರಿಗಳು

ಧಾನ್ಯದ ಕಾಳಿನಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಇರುವುದು ಪಿಷ್ಟ. ಅದು ಸಾವಿರಾರು ಗ್ಲೂಕೋಸ್ ಅಣುಗಳು ಸರಪಳಿಯಂತೆ ಕೂಡಿಕೊಂಡ ವಸ್ತು. ಭ್ರೂಣಕ್ಕೆ ಕಟ್ಟಿಕೊಟ್ಟ ಬುತ್ತಿ ಅದು. ಆದರೆ ಭ್ರೂಣವು ಆ ಸರಪಳಿಯನ್ನು ಹಾಗೆಯೇ ನುಂಗಲಾರದು, ಯೀಸ್ಟ್ ಕೂಡ ನುಂಗಲಾರದು. ತುಂಡು ಮಾಡಬೇಕು. ಕಾಳು ನೆನೆದು ಮೊಳಕೆ ಹೊರಟಾಗ ಕಾಳಿನ ಹೊರಪದರ ಆಲ್ಫಾ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಅದು ಸರಪಳಿಯನ್ನು ಮಧ್ಯದಲ್ಲಿ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಬೀಟಾ ಅಮೈಲೇಸ್ ಎಂಬುದು ಇನ್ನೊಂದು. ಅದು ಸರಪಳಿಯ ತುದಿಯಿಂದ ಎರಡೆರಡು ಕೊಂಡಿಗಳನ್ನು ಬಿಡಿಸುತ್ತ ಬರುತ್ತದೆ. ಎರಡು ಗ್ಲೂಕೋಸ್ ಸೇರಿದ ಆ ಸಕ್ಕರೆಯೇ ಮಾಲ್ಟೋಸ್. ಬಾರ್ಲಿ ಕಾಳಿನಲ್ಲಿ ಬೀಟಾ ಮೊದಲೇ ಧಾರಾಳವಾಗಿರುತ್ತದೆ, ಆಲ್ಫಾ ಮೊಳಕೆಯಿಂದ ಬರುತ್ತದೆ.

ಮಾಲ್ಟ್ ಮಾಡುವುದೆಂದರೆ ಈ ಕತ್ತರಿಗಳನ್ನು ತಯಾರಿಸಿಕೊಳ್ಳುವುದು. ಬಾರ್ಲಿಯನ್ನು ಅದರ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ನೀರಾಗುವವರೆಗೆ ನೆನೆಹಾಕಿ, ತಂಪಿನಲ್ಲಿ ನಾಲ್ಕೈದು ದಿನ ಮೊಳೆಯಿಸಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಮೊದಲು ಕಡಿಮೆ ಶಾಖ, ನೀರು ಹೋದ ಮೇಲೆ ಹೆಚ್ಚು ಶಾಖ. ಈ ಕ್ರಮಕ್ಕೆ ಕಾರಣವಿದೆ. ಕಿಣ್ವವು ಒಣ ಶಾಖವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಹಸಿ ಶಾಖಕ್ಕೆ ಬೇಗ ಸಾಯುತ್ತದೆ. ನೀವು ಮಡಿಕೆಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಾಗ ನಡೆಯುವುದೂ ಈ ಕೆಲಸದ ಮೊದಲ ಭಾಗವೇ.

ಮ್ಯಾಶ್‌ನಲ್ಲಿ ಮೂರು ಸಂಗತಿಗಳು ಕೂಡಬೇಕು. ಪಿಷ್ಟದ ಕಣಗಳು ಬಿಸಿನೀರು ಹೀರಿ ಉಬ್ಬಿ ಗಂಜಿಯಾಗಬೇಕು. ಬಾರ್ಲಿಯಲ್ಲಿ ಇದು 60 ಡಿಗ್ರಿಯ ಆಸುಪಾಸಿನಲ್ಲಿ ಆಗುತ್ತದೆ. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯಲ್ಲಿ ಚುರುಕು, 70ರಲ್ಲಿ ಬೇಗ ನಾಶ. ಆಲ್ಫಾ 70ರ ಸುತ್ತ ಚುರುಕು, 80ರ ಹತ್ತಿರ ನಾಶ. ಹೀಗೆ 65ರ ಸುತ್ತ ಕಿರಿದಾದ ಒಂದು ಕಿಟಕಿ ಮಾತ್ರ ತೆರೆದಿರುತ್ತದೆ. ಕೆಳಗಿನ ಅಂಚಿನಲ್ಲಿ ನಿಂತರೆ ಸಕ್ಕರೆ ಹೆಚ್ಚು. ಮೇಲಿನ ಅಂಚಿನಲ್ಲಿ ನಿಂತರೆ ಯೀಸ್ಟ್ ತಿನ್ನಲಾರದ ತುಂಡುಗಳು ಹೆಚ್ಚು. ಈ ಕಿಟಕಿಯನ್ನು ಉಷ್ಣತಾಮಾಪಕವಿಲ್ಲದ ಕಾಲದ ಜನ ಹೇಗೆ ಹುಡುಕಿಕೊಂಡರು?

ಅಳತೆಯಿಲ್ಲದ ಕಾಲದ ಅಳತೆ

ಮೆಸೊಪೊಟೇಮಿಯದಲ್ಲಿ ಕ್ರಿ.ಪೂ. 1800ರ ಸುಮಾರಿನ ಜೇಡಿಮಣ್ಣಿನ ಫಲಕಗಳಲ್ಲಿ ಬಿಯರ್ ದೇವತೆ ನಿಂಕಾಸಿಯ ಸ್ತೋತ್ರವೊಂದು ದೊರೆತಿದೆ. ಕಾಳನ್ನು ನೆನೆಸುವುದು, ಮೊಳೆಯಿಸುವುದು, ಬೇಯಿಸಿದ ಮುದ್ದೆಯನ್ನು ಹರಡಿ ಆರಿಸುವುದು, ರಸ ಬಸಿಯುವುದು, ಹೀಗೆ ಕೆಲಸದ ಹಂತಗಳೇ ಅದರಲ್ಲಿವೆ. ನಮ್ಮಲ್ಲಿಯೂ ಇದು ಅಪರಿಚಿತವಾಗಿರಲಿಲ್ಲ. ವೈದಿಕ ಕಾಲದ ಸೌತ್ರಾಮಣಿ ಯಾಗಕ್ಕೆ ಸುರೆಯನ್ನು ತಯಾರಿಸುವ ವಿಧಾನದಲ್ಲಿ ಮೊಳೆಯಿಸಿದ ಧಾನ್ಯಗಳಿಗೆ ಶಷ್ಪ, ತೋಕ್ಮ ಎಂಬ ಪ್ರತ್ಯೇಕ ಹೆಸರುಗಳೇ ಇದ್ದವು. ಹೆಸರಿದೆ ಎಂದರೆ ಮೊಳಕೆಯ ಕಾಳು ಸಾಮಾನ್ಯ ಕಾಳಿಗಿಂತ ಬೇರೆ ಕೆಲಸ ಮಾಡುತ್ತದೆಂಬುದು ತಿಳಿದಿತ್ತೆಂದೇ ಅರ್ಥ.

ಕೌಟಿಲ್ಯನ ‘ಅರ್ಥಶಾಸ್ತ್ರ’ ಇನ್ನಷ್ಟು ಖಚಿತವಾಗಿದೆ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಈ ಗ್ರಂಥದ ತಾಳೆಗರಿ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದಾಗ ಅದನ್ನು ಗುರುತಿಸಿದವರು ಅಲ್ಲಿನ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಮೂಲವನ್ನು ಪ್ರಕಟಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ತಂದರು. ಅದರ ಸುರಾಧ್ಯಕ್ಷನ ಅಧ್ಯಾಯದಲ್ಲಿ ಮೇದಕ ಎಂಬ ಪಾನೀಯದ ಅಳತೆ ಹೀಗಿದೆ: ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಅಂದರೆ 16 ಪಾಲು ನೀರಿಗೆ 2 ಪಾಲು ಅಕ್ಕಿ, 3 ಪಾಲು ಕಿಣ್ವ. ಗೃಹಸ್ಥರು ವಿಶೇಷ ಸಂದರ್ಭಗಳಲ್ಲಿ ಮನೆಯಲ್ಲಿ ಬಿಳಿ ಸುರೆಯನ್ನು ಮಾಡಿಕೊಳ್ಳಬಹುದೆಂಬ ನಿಯಮವೂ ಅದರಲ್ಲಿಯೇ ಇದೆ!

ಇಲ್ಲಿ ‘ಕಿಣ್ವ’ ಎಂಬ ಮಾತನ್ನು ಗಮನಿಸಿ. ಅಂದು ಅದರ ಅರ್ಥ ಉದ್ದು, ಅಕ್ಕಿ ಮತ್ತು ಕೆಲವು ಮೂಲಿಕೆಗಳನ್ನು ಸೇರಿಸಿ ಮಾಡಿದ ಹುದುಗು. ಇಂಥ ಗಟ್ಟಿಗಳನ್ನು ಈಶಾನ್ಯ ಭಾರತದ ಮನೆಗಳಲ್ಲಿ ಅಕ್ಕಿಯ ಪಾನೀಯಕ್ಕೆ ಇಂದೂ ಬಳಸುತ್ತಾರೆ. ಅವುಗಳಲ್ಲಿರುವ ಬೂಷ್ಟು ಪಿಷ್ಟವನ್ನು ಒಡೆಯುತ್ತದೆ, ಯೀಸ್ಟ್ ಅದನ್ನು ಹುದುಗಿಸುತ್ತದೆ. ಹಾಗೆ ನೋಡಿದರೆ ಪಿಷ್ಟವನ್ನು ಕತ್ತರಿಸಲು ಎರಡು ದಾರಿಗಳು. ಕಾಳಿನದೇ ಕತ್ತರಿಯನ್ನು ಬಳಸುವುದು ಮಾಲ್ಟಿನ ದಾರಿ. ಬೂಷ್ಟಿನ ಕತ್ತರಿಯನ್ನು ಬಳಸುವುದು ಹುದುಗಿನ ಗಟ್ಟಿಯ ದಾರಿ.

ಇನ್ನು ಉಷ್ಣತೆಯ ಮಾತು. ಯುರೋಪಿನ ಬವೇರಿಯ, ಬೊಹೀಮಿಯ ಕಡೆಯವರು ಒಂದು ಉಪಾಯ ಕಂಡುಕೊಂಡಿದ್ದರು. ಕಲಸಿದ ಮುದ್ದೆಯ ಮೂರನೆಯ ಒಂದು ಪಾಲನ್ನು ಬೇರೆ ತೆಗೆದು ಕುದಿಸಿ ಮತ್ತೆ ಉಳಿದದ್ದಕ್ಕೆ ಸುರಿಯುವುದು. ನೀವೇ ಲೆಕ್ಕ ಹಾಕಿ. 50 ಡಿಗ್ರಿಯ ಎರಡು ಪಾಲು, 100 ಡಿಗ್ರಿಯ ಒಂದು ಪಾಲು. ಒಟ್ಟು 200ನ್ನು ಮೂರರಿಂದ ಭಾಗಿಸಿದರೆ ಸುಮಾರು 67 ಡಿಗ್ರಿ! ನೀರು ಕುದಿಯುವ ಉಷ್ಣತೆ ಬಹುಮಟ್ಟಿಗೆ ಸ್ಥಿರ. ಆದ್ದರಿಂದ ಪಾಲು ಸರಿಯಾಗಿದ್ದರೆ ಉಷ್ಣತೆಯೂ ಸರಿ. ಕೊಳಗವೇ ಉಷ್ಣತಾಮಾಪಕದ ಕೆಲಸ ಮಾಡುತ್ತಿತ್ತು.

ಇದೇ ಲೆಕ್ಕವನ್ನು ನಮ್ಮ ಕಡೆಗೆ ಹೊಂದಿಸೋಣ. ವಿಜಯಪುರದ ಸೀಮೆ ಸಮುದ್ರಮಟ್ಟಕ್ಕಿಂತ 500-600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಯಲ್ಲಿ. ಕೊಡದ ನೀರು 30 ಡಿಗ್ರಿ ಇದ್ದರೆ, ಕುದಿಯುವ ನೀರಿಗೆ ಸಮಪಾಲು ಕೊಡದ ನೀರನ್ನು ಬೆರೆಸಿದಾಗ 64 ಡಿಗ್ರಿ ಬರುತ್ತದೆ. ಪಾತ್ರೆ ಎಳೆದುಕೊಳ್ಳುವ ಶಾಖವನ್ನು ಕಳೆದರೆ ಇನ್ನೊಂದೆರಡು ಡಿಗ್ರಿ ಕಡಿಮೆ. ಕಾಳು ಸೇರಿಸುವುದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಕಿಲೋ ಒಣ ಕಾಳು ಶಾಖ ಹೀರುವುದರಲ್ಲಿ ಸುಮಾರು 0.4 ಕಿಲೋ ನೀರಿಗೆ ಸಮ. ಕಾಳು 28 ಡಿಗ್ರಿಯಲ್ಲಿದ್ದು, 3 ಲೀಟರ್ ನೀರಿನೊಂದಿಗೆ ಕಲಸಿ 66 ಡಿಗ್ರಿ ಬರಬೇಕಾದರೆ ನೀರು ಸುಮಾರು 71 ಡಿಗ್ರಿ ಇರಬೇಕು. ಮೊದಲ ಸಲ ಕಾಳಿನಿಂದ ಆರಂಭಿಸುವ ಹವ್ಯಾಸಿ ಹಿಂದಿನ ರಾತ್ರಿ ಹಾಕುವ ಲೆಕ್ಕ ಇದೇ.

ಹಗೇವು ಮತ್ತು ಪ್ರೀಸ್ಟ್ಲಿ

ಬ್ರಿಟನ್ನಿನ ಬ್ರೂವರಿಗಳಲ್ಲಿ ಉಷ್ಣತಾಮಾಪಕಕ್ಕೆ ಮನ್ನಣೆ ದೊರೆತದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅದರ ಬಳಕೆಯನ್ನು ಪ್ರತಿಪಾದಿಸಿದ ಮೈಕಲ್ ಕೂಂಬ್ರೂನ್‌ನ ಪುಸ್ತಕಗಳು 1758 ಮತ್ತು 1762ರಲ್ಲಿ ಬಂದವು. 1784ರಲ್ಲಿ ಜಾನ್ ರಿಚರ್ಡ್‌ಸನ್ ರಸದ ಸಾಂದ್ರತೆಯನ್ನು ಅಳೆಯುವ ಸ್ಯಾಕರೋಮೀಟರ್ ಬಗ್ಗೆ ಬರೆದ. ರಸದಲ್ಲಿ ತೇಲಿಬಿಡುವ ಈ ಉಪಕರಣ ಒಂದು ಅಚ್ಚರಿಯನ್ನು ಬಯಲಿಗೆಳೆಯಿತು. ಅಗ್ಗವೆಂದು ಕೊಳ್ಳುತ್ತಿದ್ದ, ಹೆಚ್ಚು ಸುಟ್ಟ ಕಂದು ಮಾಲ್ಟಿಗಿಂತ ದುಬಾರಿಯ ತೆಳು ಬಣ್ಣದ ಮಾಲ್ಟಿನಿಂದಲೇ ಒಂದು ರೂಪಾಯಿಗೆ ಹೆಚ್ಚು ಸಾರ ಸಿಗುವಂತಿತ್ತು ಎನ್ನಬಹುದು. ಅಳತೆ ಬಂದ ಕೂಡಲೇ ಲಂಡನ್ನಿನ ದೊಡ್ಡ ಬ್ರೂವರಿಗಳ ಲೆಕ್ಕಾಚಾರ ಬದಲಾಯಿತು.

ಇದೇ ಕಾಲಕ್ಕೆ, 1767ರಲ್ಲಿ, ಜೋಸೆಫ್ ಪ್ರೀಸ್ಟ್ಲಿ ಲೀಡ್ಸ್ ಪಟ್ಟಣದಲ್ಲಿ ಬ್ರೂವರಿಯ ಪಕ್ಕದ ಮನೆಗೆ ಬಂದ. ಹುದುಗುವ ತೊಟ್ಟಿಯ ಮೇಲೆ ನಿಂತಿರುವ ಗಾಳಿಯಲ್ಲಿ ಉರಿಯುವ ಕಡ್ಡಿ ಹಿಡಿದರೆ ಆರಿಹೋಗುತ್ತಿತ್ತು. ಆ ಗಾಳಿಯನ್ನು ನೀರಿಗೆ ಬೆರೆಸಿದಾಗ ಸೋಡಾ ನೀರು ಬಂತು. 1772ರಲ್ಲಿ ಅದನ್ನು ಪ್ರಕಟಿಸಿದ. ಅದು ಕಾರ್ಬನ್ ಡೈಆಕ್ಸೈಡ್.

ಜೋಳದ ಸೀಮೆಯವರಿಗೆ ಈ ಗಾಳಿ ಬೇರೆ ಕಡೆಯಿಂದ ಪರಿಚಿತ. ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದಾಗ, ತೆರೆದ ಕೂಡಲೇ ಒಳಗಿಳಿಯಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದರು. ಕಾಳಿಗೂ ಉಸಿರಾಟವಿದೆ. ತೇವ ತಗುಲಿ ಮೊಳಕೆಗೆ ಅಣಿಯಾದ ಕಾಳು ಇನ್ನೂ ಜೋರಾಗಿ ಉಸಿರಾಡುತ್ತದೆ. ಆಮ್ಲಜನಕ ಮುಗಿದು ಕಾರ್ಬನ್ ಡೈಆಕ್ಸೈಡ್ ತಳದಲ್ಲಿ ತುಂಬಿಕೊಳ್ಳುತ್ತದೆ. ಮುಚ್ಚಳ ತೆಗೆದು ಗಾಳಿಯಾಡಲು ಬಿಡದೆ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಲೀಡ್ಸಿನ ತೊಟ್ಟಿಯಲ್ಲಿ ಯೀಸ್ಟ್ ಬಿಟ್ಟ ಅನಿಲವೂ ಹಗೇವಿನಲ್ಲಿ ಕಾಳು ಬಿಟ್ಟ ಅನಿಲವೂ ಒಂದೇ.

ಕತ್ತರಿಗೆ ಹೆಸರು ಬಂತು

ಉಷ್ಣತೆಯನ್ನು ಅಳೆದದ್ದಾಯಿತು. ಆದರೆ ಒಳಗೆ ಕೆಲಸ ಮಾಡುವವರು ಯಾರೆಂಬುದು ತಿಳಿದಿರಲಿಲ್ಲ. 1811ರಲ್ಲಿ ರಷ್ಯದಲ್ಲಿ ಕಿರ್ಚಾಫ್ ಪಿಷ್ಟವನ್ನು ಗಂಧಕಾಮ್ಲದೊಂದಿಗೆ ಕುದಿಸಿ ಸಕ್ಕರೆ ಪಡೆದ. ಕೆಲವೇ ವರ್ಷಗಳಲ್ಲಿ, ಆಮ್ಲವಿಲ್ಲದೆ ಮೊಳಕೆ ಧಾನ್ಯದ ಸತ್ವದಿಂದಲೂ ಅದೇ ಕೆಲಸ ಆಗುತ್ತದೆಂದು ತೋರಿಸಿದ. 1833ರಲ್ಲಿ ಪ್ಯಾರಿಸ್ಸಿನ ಪಾಯೆನ್ ಮತ್ತು ಪರ್ಸೋ ಮಾಲ್ಟಿನ ರಸಕ್ಕೆ ಆಲ್ಕೊಹಾಲ್ ಸೇರಿಸಿ ಬಿಳಿಯ ಪುಡಿಯೊಂದನ್ನು ಬೇರ್ಪಡಿಸಿದರು. ಅದು ತನ್ನ ತೂಕದ ಎರಡು ಸಾವಿರ ಪಟ್ಟು ಪಿಷ್ಟವನ್ನು ಕರಗಿಸಬಲ್ಲದೆಂದು ವರದಿ ಮಾಡಿದರು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಜೀವಿಯಿಂದ ಬೇರ್ಪಡಿಸಿದ ಮೊದಲ ಕಿಣ್ವ ಅದು. ಕಿಣ್ವಗಳ ಹೆಸರು ಇಂದಿಗೂ ‘ಏಸ್’ ಎಂದು ಕೊನೆಗೊಳ್ಳುವುದು ಈ ಡಯಾಸ್ಟೇಸ್ ಹೆಸರಿನಿಂದ ಬಂದ ಪದ್ಧತಿ.

1876ರಲ್ಲಿ ಲೂಯಿ ಪಾಸ್ತರ್ ಬಿಯರ್ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿ, ಬಿಯರ್ ಕೆಡುವುದಕ್ಕೆ ಬೇರೆ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ನೀವು ಶಾಲೆಯಲ್ಲಿ ಓದಿದ ಪಿಎಚ್ ಅಳತೆಯೂ ಅದೇ ಪ್ರಯೋಗಾಲಯದ್ದು. 1909ರಲ್ಲಿ ಅದನ್ನು ಸೂಚಿಸಿದಾತ ಸೋರೆನ್ಸೆನ್. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟ್ ಕೋಶಗಳನ್ನು ಅರೆದು ಹಿಂಡಿದ ರಸವೇ ಸಕ್ಕರೆಯನ್ನು ಹುದುಗಿಸುವುದನ್ನು ಕಂಡ. ಜೀವಂತ ಕೋಶವಿಲ್ಲದೆಯೂ ಕಿಣ್ವ ಕೆಲಸ ಮಾಡುತ್ತದೆಂದು ಸಿದ್ಧವಾಯಿತು. 1907ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಆತನಿಗೆ ಬಂತು.

ಇಂಗ್ಲಿಷಿನ ‘ಎನ್‌ಜೈಮ್’ ಶಬ್ದವನ್ನು ಸೃಷ್ಟಿಸಿದವನು ಜರ್ಮನಿಯ ಕ್ಯೂನೆ, 1877ರ ಸುಮಾರಿಗೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಯೀಸ್ಟಿನಲ್ಲಿರುವುದು’. ಕನ್ನಡದಲ್ಲಿ ವಿಜ್ಞಾನ ಬರೆದವರು ಅದಕ್ಕೆ ಆರಿಸಿಕೊಂಡ ಶಬ್ದ ‘ಕಿಣ್ವ’. ಅದೂ ಹುದುಗೇ! ಎರಡೂ ಭಾಷೆಗಳು ಜೀವರಸಾಯನಶಾಸ್ತ್ರದ ಮುಖ್ಯ ಪದವೊಂದನ್ನು ಪಡೆದದ್ದು ಕಾಳು ಹುದುಗಿಸುವ ಮನೆಯಿಂದಲೇ.

ಕರ್ನಾಟಕದಲ್ಲಿ

ಬ್ರಿಟಿಷರ ದಂಡಿನ ಊರುಗಳಿದ್ದ ಕಡೆ ಬ್ರೂವರಿಗಳು ಬಂದವು. ಬೆಂಗಳೂರು ಅಂಥ ಊರು. ಶಾಮಶಾಸ್ತ್ರಿಗಳ ಅನುವಾದ ಬಂದ 1915ರಲ್ಲಿಯೇ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣ ಭಾರತದ ಕೆಲವು ಸಣ್ಣ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠಲ ಮಲ್ಯರ ಕೈಗೆ ಬಂತು. ಬಾರ್ಲಿ ಮಾತ್ರ ಇಲ್ಲಿಯದಲ್ಲ. ಅದು ಚಳಿಗಾಲದ ಬೆಳೆ, ಉತ್ತರ ಭಾರತದ ರಾಜಸ್ಥಾನ, ಹರಿಯಾಣಗಳಿಂದ ಬರುತ್ತದೆ. 2010ರ ದಶಕದಿಂದ ಬೆಂಗಳೂರಿನಲ್ಲಿ ಕಿರು ಬ್ರೂವರಿಗಳು ಪರವಾನಗಿ ಪಡೆದು ನಡೆಯುತ್ತಿವೆ.

ಬಿಜಾಪುರ ಜಿಲ್ಲೆಯ ಚರಿತ್ರೆ ಬೇರೆ. 1956ರವರೆಗೆ ಅದು ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಿತ್ತು. ಇಂದು ರಾಜ್ಯಕ್ಕೆಲ್ಲ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಅದರಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಅದರಲ್ಲಿ ಸೇರಿದೆ. ಕೌಟಿಲ್ಯ ಗೃಹಸ್ಥರಿಗೆ ಕೊಟ್ಟ ಸಡಿಲಿಕೆ ಇಲ್ಲಿಲ್ಲ. ಆದ್ದರಿಂದ ಈ ಲೇಖನದ ಪ್ರಯೋಗ ಮ್ಯಾಶ್‌ವರೆಗೆ ಮಾತ್ರ ಬಂದು ನಿಲ್ಲುತ್ತದೆ. ನಮಗೆ ಬೇಕಾದ ವಿಜ್ಞಾನವೂ ಅಲ್ಲಿಯೇ ಇದೆ.

ಜೋಳದಿಂದ ಏಕಾಗದು?

ಎರೆ ಹೊಲಗಳ ನಂಬಿಕೆಯ ತಳಿ ಮಾಲದಂಡಿ, ಅಂದರೆ ಎಂ 35-1. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ಕೆಯಾದ ತಳಿ ಅದು. ಮುತ್ತಿನಂಥ ಈ ಬಿಳಿಜೋಳವನ್ನು ಬಾರ್ಲಿಯಂತೆಯೇ ಮೊಳೆಯಿಸಿ 65 ಡಿಗ್ರಿಯಲ್ಲಿ ಕಲಸಿದರೆ ಫಲ ನಿರಾಶಾದಾಯಕ. ಕಾರಣ ಎರಡು. ಜೋಳದ ಪಿಷ್ಟ ಗಂಜಿಯಾಗಲು ಸುಮಾರು 68ರಿಂದ 77 ಡಿಗ್ರಿ ಬೇಕು. ಅಷ್ಟರಲ್ಲಿ ಬೀಟಾ ಅಮೈಲೇಸ್ ಸತ್ತಿರುತ್ತದೆ. ಅಲ್ಲದೆ ಜೋಳದ ಮಾಲ್ಟಿನಲ್ಲಿ ಬೀಟಾ ಮೊದಲೇ ಕಡಿಮೆ. ಬೀಗ ತೆರೆಯುವ ಹೊತ್ತಿಗೆ ಕೆಲಸದವರು ಮನೆಗೆ ಹೋದಂತಾಯಿತು.

ಜೋಳ ಹುಟ್ಟಿದ್ದು ಆಫ್ರಿಕದಲ್ಲಿ. ಈ ತೊಡಕಿಗೆ ಉತ್ತರವೂ ಅಲ್ಲಿಯೇ ಇದೆ. ಪಶ್ಚಿಮ ಆಫ್ರಿಕದಲ್ಲಿ ದೋಲೋ ಮೊದಲಾದ ಜೋಳದ ಪಾನೀಯಗಳನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ಅವರು ಮೊಳಕೆ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಬಿಡುತ್ತಾರೆ. ಮೇಲೆ ನಿಂತ ತಿಳಿಯಲ್ಲಿ ಕಿಣ್ವಗಳಿರುತ್ತವೆ, ತಳದಲ್ಲಿ ಪಿಷ್ಟ. ತಿಳಿಯನ್ನು ಬಸಿದು ಪಕ್ಕಕ್ಕಿಡುತ್ತಾರೆ. ತಳದ ಗಸಿಯನ್ನು ಕುದಿಸಿ ಗಂಜಿ ಮಾಡುತ್ತಾರೆ. ಅದು ಆರಿದಾಗ ಎತ್ತಿಟ್ಟ ತಿಳಿಯನ್ನು ಮತ್ತೆ ಸೇರಿಸುತ್ತಾರೆ. ಕಿಣ್ವ ಸಾಯುವುದೂ ಇಲ್ಲ, ಪಿಷ್ಟ ಹಸಿಯಾಗಿ ಉಳಿಯುವುದೂ ಇಲ್ಲ. ಕಿಣ್ವವೆಂಬ ಹೆಸರನ್ನೇ ಕೇಳದವರು ಕಂಡುಕೊಂಡ ಉಪಾಯವಿದು! 1988ರಲ್ಲಿ ನೈಜೀರಿಯ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೂ ಜೋಳ ಮತ್ತು ಮೆಕ್ಕೆಜೋಳಕ್ಕೆ ತಿರುಗಿಕೊಳ್ಳಬೇಕಾಯಿತು. ಕಾರ್ಖಾನೆಯಲ್ಲಿ ತಯಾರಾದ ಕಿಣ್ವಗಳನ್ನು ಹೊರಗಿನಿಂದ ಸೇರಿಸುವ ಪದ್ಧತಿ ಅಲ್ಲಿ ಬೆಳೆಯಿತು.

ಮೊಳಕೆ ಜೋಳದ ಬಗ್ಗೆ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಎಳೆಯ ಜೋಳದ ಪೈರನ್ನು ಮೇಯ್ದ ದನ ಕುಸಿದು ಸಾಯುವುದನ್ನು ರೈತರು ಬಲ್ಲರು. ಅದಕ್ಕೆ ಕಾರಣ ಡುರಿನ್ ಎಂಬ ವಸ್ತು. ಎಲೆ ಜಜ್ಜಿದಾಗ ಅದು ಒಡೆದು ಹೈಡ್ರೊಜನ್ ಸಯನೈಡ್ ಎಂಬ ಘೋರ ವಿಷವನ್ನು ಬಿಡುತ್ತದೆ. ಒಣ ಕಾಳಿನಲ್ಲಿ ಡುರಿನ್ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆ ಬೆಳೆದಂತೆ ಅದರ ಎಳೆ ಚಿಗುರಿನಲ್ಲಿ ಹೆಚ್ಚುತ್ತ ಹೋಗುತ್ತದೆ. ಹೆಸರುಕಾಳಿನ ಮೊಳಕೆಯಂತೆ ಜೋಳದ ಮೊಳಕೆಯನ್ನು ಹಸಿಯಾಗಿ ಎಂದೂ ತಿನ್ನಬಾರದು. ಮಾಲ್ಟಿಗೆಂದು ಮೊಳೆಯಿಸಿದರೆ ಚೆನ್ನಾಗಿ ಒಣಗಿಸಿ, ಚಿಗುರು ಮತ್ತು ಬೇರನ್ನು ಪೂರ್ತಿ ತಿಕ್ಕಿ ಉದುರಿಸಿ, ತೂರಿ ತೆಗೆಯಲೇಬೇಕು. ಅವನ್ನು ದನಕ್ಕೂ ಹಾಕಬಾರದು.

ಬ್ರೂವರಿಯಿಂದ ಮಗುವಿನ ಬಟ್ಟಲಿಗೆ

ಈಗ ಅಂಬಲಿಯ ವಿಷಯಕ್ಕೆ ಬರೋಣ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ಮಗುವಿನ ಹೊಟ್ಟೆ ಚಿಕ್ಕದು. ಗಟ್ಟಿ ಮುದ್ದೆ ನುಂಗಲಾರದು. ಆದ್ದರಿಂದ ಅಂಬಲಿಯನ್ನು ತೆಳ್ಳಗೆ ಮಾಡುತ್ತೇವೆ. 100 ಗ್ರಾಂ ತೆಳು ಅಂಬಲಿಯಲ್ಲಿ ಹಿಟ್ಟು 6 ಗ್ರಾಂ ಇದ್ದರೆ ಸಿಗುವುದು ಸುಮಾರು 21 ಕಿಲೋಕ್ಯಾಲೊರಿ. ಹಿಟ್ಟನ್ನು 20 ಗ್ರಾಂಗೆ ಏರಿಸಿದರೆ 70 ಕಿಲೋಕ್ಯಾಲೊರಿ ಸಿಗುತ್ತದೆ, ಆದರೆ ಅಂಬಲಿ ಅಂಟಿನಂತೆ ಗಟ್ಟಿಯಾಗುತ್ತದೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬಡವರ ಮನೆಯಲ್ಲಿ ಮಕ್ಕಳು ಸೊರಗುವುದಕ್ಕಿರುವ ಹಲವು ಕಾರಣಗಳಲ್ಲಿ ಇದೂ ಒಂದು.

ಇದಕ್ಕೆ ಪರಿಹಾರ ಮ್ಯಾಶ್‌ನಲ್ಲಿದೆ. ಗಟ್ಟಿ ಅಂಬಲಿಗೆ ಮಾಲ್ಟ್ ಹಿಟ್ಟು ಸ್ವಲ್ಪವೇ ಸೇರಿಸಿದರೂ ಆಲ್ಫಾ ಅಮೈಲೇಸ್ ಪಿಷ್ಟದ ಸರಪಳಿಗಳನ್ನು ತುಂಡರಿಸುತ್ತದೆ. ಅಂಬಲಿ ನೀರಾಗುತ್ತದೆ, ಅದರಲ್ಲಿರುವ ಶಕ್ತಿ ಅಷ್ಟೇ ಉಳಿಯುತ್ತದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಈ ಬಗ್ಗೆ ವ್ಯವಸ್ಥಿತ ಅಧ್ಯಯನ ನಡೆಸಿದರು. ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಮಕ್ಕಳ ಆಹಾರ ರೂಪಿಸಿದರು. ಉಷ್ಣವಲಯದ ಧಾನ್ಯಗಳಲ್ಲಿ ಯಾವುದು ಒಳ್ಳೆಯ ಮಾಲ್ಟ್ ಆಗುತ್ತದೆಂದು ಹೋಲಿಸಿ ನೋಡಿದರು. ಕಿರುಧಾನ್ಯಗಳಲ್ಲಿ ರಾಗಿಯ ಮಾಲ್ಟ್ ಶ್ರೇಷ್ಠ. ಆ ಹೋಲಿಕೆಯ ಪ್ರಬಂಧ 1986ರಲ್ಲಿ ಪ್ರಕಟವಾದದ್ದು ಎಲ್ಲಿ ಗೊತ್ತೆ? ಬ್ರಿಟನ್ನಿನ ಬ್ರೂವಿಂಗ್ ಸಂಸ್ಥೆಯ ಪತ್ರಿಕೆಯಲ್ಲಿ! ಹಳೆ ಮೈಸೂರು ಸೀಮೆಯ ತಾಯಂದಿರು ಮೊಳಕೆ ರಾಗಿಯಿಂದ ಮಾಡುವ ‘ಸರಿ’ಯ ಹಿಂದಿನ ರಸಾಯನಶಾಸ್ತ್ರ ಇದೇ.

ನೀವೇ ಮಾಡಿ ನೋಡಿ

ಜೋಳವನ್ನು ಮೊಳೆಯಿಸುವ ಗೊಡವೆ ಬೇಡ. ಮೊಳಕೆ ರಾಗಿಯ ಹಿಟ್ಟು ಸಾಕು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳೆಯಿಸಿ, ಒಣಗಿಸಿ, ಮೊಳಕೆ ತಿಕ್ಕಿ ತೆಗೆದು, ಬೀಸಿಕೊಳ್ಳಿ. ಬೂಷ್ಟು ಕಂಡರೆ ಎಲ್ಲವನ್ನೂ ಎಸೆಯಿರಿ. 20 ಗ್ರಾಂ ಜೋಳದ ಹಿಟ್ಟನ್ನು 100 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಗಟ್ಟಿ ಅಂಬಲಿ ಮಾಡಿ ಎರಡು ಬಟ್ಟಲುಗಳಿಗೆ ಹಂಚಿ. ಬೆರಳು ಇಡಲಾಗದಷ್ಟು ಬಿಸಿ ಇರುವಾಗ, ಎಂದರೆ 65ರಿಂದ 70 ಡಿಗ್ರಿಗೆ ಇಳಿದಾಗ, ಒಂದು ಬಟ್ಟಲಿಗೆ ಮಾತ್ರ ಅರ್ಧ ಚಮಚೆ ಮೊಳಕೆ ರಾಗಿ ಹಿಟ್ಟು ಹಾಕಿ ಕಲಕಿ. ಹತ್ತು ನಿಮಿಷದಲ್ಲಿ ಆ ಬಟ್ಟಲಿನ ಅಂಬಲಿ ಸುರಿಯುವಂತಾಗುತ್ತದೆ, ಇನ್ನೊಂದು ಹಾಗೆಯೇ ನಿಂತಿರುತ್ತದೆ. ಅದೇ ಮೊಳಕೆ ಹಿಟ್ಟನ್ನು ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಹಾಕಿ ನೋಡಿ. ಏನೂ ಆಗುವುದಿಲ್ಲ. ಕತ್ತರಿ ಸತ್ತಿದೆ!

ಎರಡರಿಂದಲೂ ಒಂದೊಂದು ಹನಿ ತೆಗೆದು ಟಿಂಕ್ಚರ್ ಅಯೊಡಿನ್ ಹನಿಸಿದರೆ ಬಣ್ಣದ ವ್ಯತ್ಯಾಸವೂ ಕಾಣಬಹುದು. ಪಿಷ್ಟಕ್ಕೆ ಅಯೊಡಿನ್ ಗಾಢ ನೀಲಿ ಬಣ್ಣ ಕೊಡುವುದು 1814ರಿಂದಲೂ ತಿಳಿದಿದೆ. ಪಿಷ್ಟ ತುಂಡಾದಂತೆ ನೀಲಿ ಬಣ್ಣ ಕೆಂಪಿಗೆ ತಿರುಗಿ ಮಾಸುತ್ತದೆ. ಮ್ಯಾಶ್ ಮುಗಿಯಿತೇ ಎಂದು ಬ್ರೂವರಿಯವರು ನೋಡುವುದೂ ಹೀಗೆಯೇ. ಅಯೊಡಿನ್ ತಾಗಿದ ಹನಿಗಳನ್ನು ಚೆಲ್ಲಿಬಿಡಿ. ಮಗುವಿಗೆ ಕೊಡುವ ಅಂಬಲಿಯನ್ನು ಬೇರೆಯಾಗಿ ಮಾಡಿ, ತೆಳುವಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಆರಿಸಿ ಕೊಡಿ.

ಮುಂದಿನ ಸಲ ಮಳೆಗೆ ಸಿಕ್ಕಿ ಮೊಳೆತ ಜೋಳದ ಹಿಟ್ಟು ರೊಟ್ಟಿಗೆ ಒದಗದೆ ಹೋದಾಗ, ಹಿಟ್ಟು ಕೆಟ್ಟಿತೆಂದು ಬೇಸರಪಡುವ ಮೊದಲು ಒಂದು ಕ್ಷಣ ಯೋಚಿಸಿ. ಎಸರಿನ ಬಿಸಿಯಲ್ಲಿ ಪಿಷ್ಟ ಗಂಜಿಯಾಗಿ ಹಿಟ್ಟಿಗೆ ಜಿಗಿ ಕೊಡಬೇಕಿತ್ತು. ಅಷ್ಟರಲ್ಲಿಯೇ ಕಾಳಿನ ಕತ್ತರಿ ಅದನ್ನು ತುಂಡು ಮಾಡಿದೆ. ಇದನ್ನು ಪಾಯೆನ್ ಮತ್ತು ಪರ್ಸೋ 1833ರಲ್ಲಿ ಸೀಸೆಯಲ್ಲಿ ಕಂಡರು. ಮೋರಟಗಿಯ ತಾಯಂದಿರು ಅದನ್ನು ಕಂಡದ್ದು ರೊಟ್ಟಿ ಬಡಿಯುವ ಕೈಯಲ್ಲಿ.